ಥರ್ಮಲ್ ದುರ್ಬೀನಿನ ಚಿತ್ರ ಮಸುಕಾಗಿದ್ದರೆ

ಕಾಡಂಚಿನ ಗದ್ದೆ, ತೋಟಗಳ ರಾತ್ರಿ ಕಾವಲಿಗೆಂದು, ಶಾಖವನ್ನು ಗ್ರಹಿಸಿ ಕತ್ತಲಲ್ಲೂ ಚಿತ್ರ ತೋರಿಸುವ ಥರ್ಮಲ್ ದುರ್ಬೀನು ತರಿಸಿಕೊಂಡ ನಮ್ಮ ತೀರ್ಥಹಳ್ಳಿ ಸೀಮೆಯ ಕೆಲವು ಕೃಷಿಕ ಮಿತ್ರರು, ಚಿತ್ರ ಸ್ಪಷ್ಟವಾಗಿಲ್ಲ, ಇನ್ನೂ ದುಬಾರಿಯದನ್ನೇ ಕೊಳ್ಳಬೇಕಿತ್ತು ಎನ್ನುವುದನ್ನು ಕೇಳುತ್ತಿದ್ದೇನೆ. ನನ್ನ ಅಭಿಪ್ರಾಯದಲ್ಲಿ ಬಹಳಷ್ಟು ಬಾರಿ ಕೊರತೆ ಉಪಕರಣದ್ದಲ್ಲ. ಅದನ್ನು ಹೊಂದಿಸಿಕೊಳ್ಳುವ ಕ್ರಮದ್ದು ಮತ್ತು ಮಲೆನಾಡಿನ ತೇವ ತುಂಬಿದ ಗಾಳಿಯದ್ದು.

ಮೊದಲು ಸರಿಪಡಿಸಬೇಕಾದದ್ದು ಕಣ್ಣಿನ ಬದಿಯ ಮಸೂರವನ್ನು. ಪರದೆಯ ಮೇಲಿನ ಅಕ್ಷರಗಳು ಚೂಪಾಗಿ ಕಾಣುವವರೆಗೆ ಅದನ್ನು ತಿರುಗಿಸಿ, ಆಮೇಲೆ ಮುಟ್ಟದೆ ಬಿಡಬೇಕು. ಅದು ನೋಡುವವರ ದೃಷ್ಟಿಗೆ ಸಂಬಂಧಿಸಿದ್ದೇ ಹೊರತು ಪ್ರಾಣಿಯ ದೂರಕ್ಕಲ್ಲ; ದೂರಕ್ಕೆ ತಕ್ಕಂತೆ ಹೊಂದಿಸಬೇಕಾದದ್ದು ಮುಂದಿನ ಮಸೂರ. ಅದಕ್ಕೆ ಅಡಿಕೆ ಮರದ ಕಾಂಡದ ಅಂಚು ಒಳ್ಳೆಯ ಗುರಿ. ಚಿತ್ರದಲ್ಲಿ ಗೆರೆಗಳೋ ಕಲೆಗಳೋ ನಿಂತುಬಿಟ್ಟಿದ್ದರೆ ಮುಚ್ಚಳ ಹಾಕಿ ಕ್ಯಾಲಿಬ್ರೇಶನ್ (ಅಳತೆಯ ಮರುಹೊಂದಾಣಿಕೆ) ಮಾಡಿಕೊಳ್ಳಬೇಕು, ಏಕೆಂದರೆ ಉಪಕರಣ ಬಿಸಿಯಾದಂತೆ ಶಾಖ ಗ್ರಹಿಸುವ ಸೆನ್ಸರಿನ ಒಂದೊಂದು ಬಿಂದುವೂ ಒಂದೊಂದು ರೀತಿಯಲ್ಲಿ ಅಳತೆ ತಪ್ಪುತ್ತದೆ. ಬಣ್ಣಗಳ ಆಯ್ಕೆಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ: ಬಿಸಿಯಾದದ್ದು ಬಿಳಿಯಾಗಿ ಕಾಣುವ ವಿಧಾನ ಸಾಕು, ಹೊಳಪನ್ನು ತಗ್ಗಿಸಿದರೆ ಕಣ್ಣಿಗೂ ಹಿತ.

ಜೂಮ್ ಕುರಿತು ಮಾತ್ರ ಸ್ವಲ್ಪ ಲೆಕ್ಕ ಹಾಕಬೇಕು. 640×512 ಬಿಂದುಗಳ ಸೆನ್ಸರಿನಲ್ಲಿ ಎರಡು ಪಟ್ಟು ಡಿಜಿಟಲ್ ಜೂಮ್ ಮಾಡಿದರೆ ಉಳಿಯುವುದು 320×256, ಅಂದರೆ ಕಾಲು ಭಾಗದ ಮಾಹಿತಿ. ಚಿತ್ರ ದೊಡ್ಡದಾಗುತ್ತದೆ, ಹೊಸ ವಿವರ ಬರುವುದಿಲ್ಲ. 12 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಬಿಂದುಗಳ ಸೆನ್ಸರಿಗೆ 35 ಮಿ.ಮೀ. ಮಸೂರವಿದ್ದರೆ 300 ಮೀಟರ್ ದೂರದಲ್ಲಿ ಒಂದು ಬಿಂದು ಸುಮಾರು 10 ಸೆಂ.ಮೀ. ಜಾಗವನ್ನು ಆವರಿಸುತ್ತದೆ. ಎರಡೂವರೆ ಅಡಿ ಎತ್ತರದ ಕಾಡುಹಂದಿ ಅಲ್ಲಿ ಏಳೆಂಟು ಬಿಂದುಗಳಷ್ಟೇ ಎತ್ತರವಾಗಿ ಕಾಣುತ್ತದೆ. ಬಗ್ಗಿ ಹುಲ್ಲು ಕೊಯ್ಯುತ್ತಿರುವ ಮನುಷ್ಯನೂ ಹೆಚ್ಚುಕಡಿಮೆ ಅಷ್ಟೇ.

ಈ ಕಾರಣಕ್ಕಾಗಿಯೇ ಇಂಥ ಉಪಕರಣವನ್ನು ಕೋವಿಯ ಮೇಲೆ ಕೂರಿಸುವುದನ್ನು ನಾನು ಖಂಡಿತವಾಗಿ ವಿರೋಧಿಸುತ್ತೇನೆ. ಬೇಟೆಗೆ ಅನುಮತಿಯಿರುವ ದೇಶಗಳ ರೈಫಲ್ ಸ್ಕೋಪಿನಲ್ಲಿರುವುದೂ ಇದೇ ತಂತ್ರವಾದರೂ, ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅನುಮತಿಯಿಲ್ಲದೆ ಕಾಡುಪ್ರಾಣಿಯನ್ನು ಬೇಟೆಯಾಡುವುದು ಅಪರಾಧ. ಹಂದಿಯೆಂದು ಹಾರಿಸಿದ ಗುಂಡು ಜೊತೆಗಾರನಿಗೇ ತಗುಲಿದ ಸುದ್ದಿಗಳನ್ನು ನಾವು ಓದಿದ್ದೇವೆ. ಬಿಸಿ ಇದೆ ಎಂಬುದನ್ನು ಉಪಕರಣ ಹೇಳುತ್ತದೆ, ಅಲ್ಲಿರುವುದು ಯಾರು ಎಂಬುದನ್ನು ಎಷ್ಟೋ ಸಲ ಹೇಳುವುದಿಲ್ಲ.

ಇನ್ನು ಗಾಳಿಯ ವಿಚಾರ. ಈ ಸೆನ್ಸರುಗಳು ಸುಮಾರು 8ರಿಂದ 14 ಮೈಕ್ರಾನ್ ತರಂಗಾಂತರದ ಶಾಖಕಿರಣಗಳನ್ನು ಗ್ರಹಿಸುತ್ತವೆ. ಮಂಜಿನ ಹನಿಗಳ ಗಾತ್ರವೂ ಅದರ ಆಸುಪಾಸಿನಲ್ಲೇ ಇರುವುದರಿಂದ ಅವು ಆ ಕಿರಣಗಳನ್ನು ಚದುರಿಸಿ ಹೀರಿಕೊಳ್ಳುತ್ತವೆ. ಕತ್ತಲನ್ನು ದಾಟುವ ಉಪಕರಣ ದಟ್ಟ ಮಂಜನ್ನು ದಾಟಲಾರದು. ಆಗುಂಬೆಯ ಮಳೆಗಾಲದಲ್ಲಂತೂ ಎಲೆ, ಕಲ್ಲು, ಮಣ್ಣು ಎಲ್ಲವೂ ನೆನೆದು ಒಂದೇ ತಾಪಮಾನಕ್ಕೆ ಬಂದು ಹಿನ್ನೆಲೆಯ ವಿವರವೇ ಅಳಿಸಿಹೋಗುತ್ತದೆ. ಅಂಥ ರಾತ್ರಿ ಕಾಂಟ್ರಾಸ್ಟ್ ಹೆಚ್ಚಿಸಿ, ನೋಡುವ ದೂರವನ್ನು ಕಡಿಮೆ ಮಾಡಿಕೊಳ್ಳುವುದೇ ದಾರಿ. ಬೇಸಿಗೆಯ ಕಷ್ಟ ಬೇರೆ. ಹಗಲೆಲ್ಲ ಬಿಸಿಲುಂಡ ಜಂಬಿಟ್ಟಿಗೆ ಗೋಡೆ, ಬಂಡೆಗಳು ಮುಸ್ಸಂಜೆಯಲ್ಲಿ ಪ್ರಾಣಿಗಳಂತೆಯೇ ಹೊಳೆಯುತ್ತವೆ. ಅವು ತಣಿದ ಮೇಲೆ, ಮಂಜಿಲ್ಲದ ರಾತ್ರಿಯ ಕೊನೆಯ ಜಾವದಲ್ಲಿ, ಕಡವೆಯ ಕಿವಿಯ ಆಕಾರವೂ ಬೇರೆಯಾಗಿ ಕಾಣುವಷ್ಟು ಚಿತ್ರ ತಿಳಿಯಾಗುತ್ತದೆ.

ಜೀಪಿನ ಗಾಜಿನೊಳಗಿಂದ ನೋಡಿದರೆ ಏನೂ ಕಾಣದು, ಏಕೆಂದರೆ ಸಾಮಾನ್ಯ ಗಾಜು ಈ ಕಿರಣಗಳನ್ನು ತಡೆಯುತ್ತದೆ. ಮುಂದಿನ ಮಸೂರವನ್ನು ಜರ್ಮೇನಿಯಂನಿಂದ ಮಾಡುವುದು ಅದಕ್ಕೇ. ಅದರ ಮೇಲಿನ ಲೇಪ ಸೂಕ್ಷ್ಮವಾದದ್ದು. ಇಬ್ಬನಿ ಕೂತಿದೆಯೆಂದು ಪಂಚೆಯ ಅಂಚಿನಿಂದ ಉಜ್ಜಬಾರದು. ಮೊದಲು ಧೂಳನ್ನು ಊದಿ ತೆಗೆದು, ಆಮೇಲೆ ಮಸೂರಕ್ಕೆಂದೇ ಇರುವ ಮೃದು ಬಟ್ಟೆಯಿಂದ ಒತ್ತದೆ ಒರೆಸಬೇಕು.