ಯಾರ ಪೈಕಿ?

ಹೊಸ ಮುಖ ಕಂಡರೆ ನಮ್ಮ ಹಿರಿಯರು ಕೇಳುವ ಮೊದಲ ಮಾತು, 'ನೀವು ಯಾರ ಪೈಕಿ?' ಹಳೇ ಪೋಲೆಂಡಿನಲ್ಲಿ ಇಷ್ಟೊಂದು ವಿಚಾರಿಸಬೇಕಿರಲಿಲ್ಲ. ಹೆಸರಿಗೆ ಅಂಟಿಕೊಂಡ ಬಾಲಂಗೋಚಿಯೇ ಅರ್ಧ ಜಾತಕ ಹೇಳಿಬಿಡುತ್ತಿತ್ತು.

ಪೋಲೆಂಡಿನ ನಕ್ಷೆ ನೋಡಿ. 'ಪ್ಸಾರಿ' ಅಂತ ಹಲವು ಊರುಗಳಿವೆ. ಹಾಗಂದರೆ ನಾಯಿ ನೋಡಿಕೊಳ್ಳುವವರು. 'ಕೊಬಿಲ್ನಿಕಿ' ಅಂದರೆ ಹೆಣ್ಣು ಕುದುರೆ ಸಾಕುವವರು. 'ಸೊಕೊಲ್ನಿಕಿ' ಬೇಟೆ ಗಿಡುಗ ಪಳಗಿಸುವವರು, 'ಶ್ಚಿತ್ನಿಕಿ' ಗುರಾಣಿ ಮಾಡುವವರು, 'ಕುಹಾರಿ' ಅಡುಗೆಯವರು. ಸುಮಾರು ಸಾವಿರ ವರ್ಷದ ಹಿಂದೆ, ಪಿಯಾಸ್ಟ್ ವಂಶದ ದೊರೆಗಳ ಕಾಲದಲ್ಲಿ, ಒಂದೊಂದು ಊರಿಗೆ ಒಂದೊಂದು ಸೇವೆ. ಊರಿಗೆ ಬೇರೆ ಹೆಸರು ಯಾಕೆ ಬೇಕು, ಜನರ ಕಸುಬೇ ಸಾಕಲ್ವಾ? ದೊರೆಯೂ ಹೋದ, ಗಿಡುಗವೂ ಹಾರಿಹೋಯಿತು. 'ನಿಕಿ' ಮಾತ್ರ ಬಸ್ ನಿಲ್ದಾಣದ ಬೋರ್ಡಿನ ಮೇಲೆ ಉಳಿದಿದೆ.

ದೊಡ್ಡವರ ಮನೆಯಲ್ಲಿ ಬಾಲಂಗೋಚಿ ಇನ್ನೂ ಜಾಸ್ತಿ. ರಾಜನ ಅಧಿಕಾರಿ 'ಸ್ತಾರೊಸ್ತಾ'. ಅವನ ಹೆಂಡತಿ 'ಸ್ತಾರೊಶ್ಚಿನಾ', ಮಗ 'ಸ್ತಾರೊಶ್ಚಿತ್ಸ್', ಮಗಳು 'ಸ್ತಾರೊಶ್ಚಾಂಕಾ'. ಅಧಿಕಾರ ಒಬ್ಬನದು, ಬಿರುದು ಮನೆಮಂದಿಗೆಲ್ಲ!

ಸಾಮಾನ್ಯರದ್ದೂ ಇದೇ ಕಥೆ. 'ನೊವಾಕ್' ಅಂದರೆ ಊರಿಗೆ ಹೊಸದಾಗಿ ಬಂದವನು. ಇವತ್ತು ಅದು ಪೋಲೆಂಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ಮನೆಹೆಸರು. ಅವನ ಹೆಂಡತಿ 'ನೊವಾಕೊವಾ', ಮದುವೆಯಾಗದ ಮಗಳು 'ನೊವಾಕುವ್ನಾ'. ಹೆಸರು ಕೇಳಿದರೆ ಸಾಕು, ಮದುವೆ ಆಗಿದೆಯೋ ಇಲ್ಲವೋ ಗೊತ್ತಾಗುತ್ತಿತ್ತು. ಸಂಬಂಧ ಹುಡುಕುವವರಿಗೆ ಎಷ್ಟು ಅನುಕೂಲ! ಆ ಹುಡುಗಿಗೆ ಹೇಗನ್ನಿಸುತ್ತಿತ್ತೋ, ಯಾರು ಕೇಳಬೇಕು? ಈಗ ಈ ರೂಪಗಳು ಹೆಚ್ಚುಕಮ್ಮಿ ಮೂಲೆ ಸೇರಿವೆ.

ಡಾಕ್ಟರ ಹೆಂಡತಿಗೂ ಒಂದು ಹೆಸರಿತ್ತು, 'ಡಾಕ್ಟೊರೊವಾ'. ಅದಕ್ಕೆ ಯಾರೂ ತಕರಾರು ಮಾಡಲಿಲ್ಲ. ಹೆಂಗಸೇ ಕೆಲಸ ಹಿಡಿದು, ಆ ಕೆಲಸಕ್ಕೆ ತನ್ನದೇ ಬಾಲಂಗೋಚಿ ಕೇಳಿದಾಗ ನೋಡಿ ಗಲಾಟೆ. ಮೇಷ್ಟ್ರಮ್ಮ 'ನಾವುಚಿಚೆಲ್ಕಾ' ಆದರೆ, ನಟಿ 'ಆಕ್ಟೊರ್ಕಾ' ಆದರೆ ತೊಂದರೆಯಿಲ್ಲ. ಆದರೆ 2012ರಲ್ಲಿ ಕ್ರೀಡಾ ಸಚಿವೆ ಯೊಆನ್ನಾ ಮುಹಾ ತಮ್ಮನ್ನು 'ಮಿನಿಸ್ತ್ರಾ' ಎಂದು ಕರೆಯಿರಿ ಅಂದದ್ದೇ ತಡ, ದೇಶವೆಲ್ಲ ವ್ಯಾಕರಣ ಪಂಡಿತರೇ! 2019ರ ನವೆಂಬರಿನಲ್ಲಿ ಪೋಲಿಶ್ ಭಾಷಾ ಮಂಡಳಿ, ಇಂಥ ರೂಪಗಳನ್ನು ಬಳಸಬಹುದು, ಬಲವಂತವೇನಿಲ್ಲ ಎಂದು ಹೇಳಿತು. ವಾದ ಅಲ್ಲಿಗೇ ಮುಗಿಯಲಿಲ್ಲ ಅನ್ನಿ.

ಬೇಡ ಅನ್ನುವವರ ಕೈಯಲ್ಲಿ ಸದಾ ಒಂದು ಉದಾಹರಣೆ ಸಿದ್ಧ. ವಿಮಾನ ಹಾರಿಸುವ ಹೆಂಗಸನ್ನು 'ಪಿಲೊತ್ಕಾ' ಅನ್ನುವುದು ಹೇಗೆ, ಅದು ಕಿವಿ ಮುಚ್ಚುವ ಚರ್ಮದ ಟೋಪಿಯ ಹೆಸರಲ್ವಾ, ಗೊಂದಲ ಆಗುವುದಿಲ್ವಾ ಅಂತ. ಸರಿ ಸ್ವಾಮಿ. ಆದರೆ ಗಂಡಸರ 'ಪಿಲೊತ್' ಅನ್ನುವ ಹೆಸರೇ ಪೋಲಿಶ್‌ನಲ್ಲಿ ಟಿವಿ ರಿಮೋಟಿಗೂ ಇದೆ. ಸೋಫಾ ಸಂದಿಯಲ್ಲಿ ಪಿಲೊತ್ ಹುಡುಕುವಾಗ ಯಾರಿಗೂ ಗೊಂದಲವಾದಂತೆ ಕಾಣುವುದಿಲ್ಲ.