ಥಿನ್ನರ್ ಬೇಡ, ಬ್ರೇಕ್ ಆಯಿಲ್ ಸಾಕು

ಲೇಖನ ಇಷ್ಟವಾಯ್ತು. ಆದರೆ ಕಿಟ್‌ನಿಂದ ಜೋಡಿಸಿದ ಪುಟ್ಟ ಪ್ಲಾಸ್ಟಿಕ್ ಮಾಡೆಲ್ ಕಾರಿನ ಹಳೇ ಪೇಂಟ್ ತೆಗೆಯಲು ಥಿನ್ನರ್‌ನಲ್ಲಿ ಅದ್ದಿ ಅಂತ ಬರೆದಿದ್ದೀರಲ್ಲ, ಅದನ್ನು ದಯವಿಟ್ಟು ತಿದ್ದಿ. ಈ ಕಿಟ್‌ಗಳ ಬಾಡಿ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್. ಥಿನ್ನರ್ ತಾಗಿದರೆ ಪೇಂಟ್ ಜೊತೆ ಬಾಡಿಯೂ ಕರಗುತ್ತದೆ. ನನ್ನದೊಂದು ಬಾನೆಟ್ ಹೀಗೇ ಹಾಳಾಯ್ತು.

ನನ್ನ ಹತ್ತಿರ ಇರುವುದು ಅಣ್ಣ ಕಾಲೇಜಿನಲ್ಲಿದ್ದಾಗ ಜೋಡಿಸಿದ 1/24 ಅಳತೆಯ (ನಿಜವಾದ ಕಾರಿನ 24ನೇ ಒಂದು ಭಾಗದಷ್ಟು ಉದ್ದದ) ಕಾರು. ಟಿಳಕವಾಡಿಯ ಮನೆಯ ಅಟ್ಟದ ಮೇಲೆ 20 ವರ್ಷ ಧೂಳು ತಿಂದಿತ್ತು. ಬಾಡಿಯನ್ನು ಬ್ರೇಕ್ ಆಯಿಲ್‌ನಲ್ಲಿ ಒಂದು ರಾತ್ರಿ ಮುಳುಗಿಸಿಟ್ಟೆ. ಬೆಳಗ್ಗೆ ಹಳೇ ಟೂತ್‌ಬ್ರಷ್‌ನಿಂದ ತಿಕ್ಕಿದರೆ ಕೆಂಪು ಬಣ್ಣ ಹಾಲಿನ ಕೆನೆ ಹಾಗೆ ಸುಕ್ಕಾಗಿ ಎದ್ದು ಬಂತು. ಗ್ಲೌಸ್ ಮರೆಯಬೇಡಿ, ಆಮೇಲೆ ಸೋಪಿನ ನೀರಲ್ಲಿ ಚೆನ್ನಾಗಿ ತೊಳೆಯಿರಿ. ಟೈರ್ ಮಾತ್ರ ಕೈಕೊಟ್ಟಿತ್ತು. ಅದರ ಮೆತ್ತನೆಯ ವಿನೈಲ್ ಇಷ್ಟು ವರ್ಷದಲ್ಲಿ ಪ್ಲಾಸ್ಟಿಕ್ ರಿಮ್ಮನ್ನೇ ತಿಂದು ಅಂಟಿಕೊಂಡಿತ್ತು. ಎತ್ತಿಡುವಾಗ ಎರಡನ್ನೂ ಬೇರೆ ಬೇರೆ ಕವರ್‌ನಲ್ಲಿ ಹಾಕಿಡಬೇಕಿತ್ತು.

ಬಾನೆಟ್ ಮೇಲೆ ಏರ್ ಸ್ಕೂಪ್ (ಗಾಳಿ ಒಳಗೆ ಎಳೆಯುವ ಉಬ್ಬು ಬಾಯಿ) ಕೂರಿಸಲು ಹೋಗಿ ಸುತ್ತಲೂ ಸಂದು ಉಳಿಯಿತು. ಉದ್ಯಮಬಾಗದ ಫೌಂಡ್ರಿಯಲ್ಲಿ ಪ್ಯಾಟರ್ನ್ (ಎರಕದ ಅಚ್ಚಿಗೆ ಬೇಕಾದ ಮಾದರಿ) ಕೆಲಸ ಮಾಡುವ ಕಾಕಾ ನೋಡಿ ನಕ್ಕರು. ಸಂದಿಗೆ ಅಡಿಗೆ ಸೋಡಾ ಉದುರಿಸಿ, ಮೇಲೆ ಒಂದು ಹನಿ ಸೂಪರ್ ಗ್ಲೂ ಬಿಟ್ಟರು. ಕ್ಷಣದಲ್ಲೇ ಕಲ್ಲಿನಂತಾಯ್ತು! ಆಮೇಲೆ 400, ಕೊನೆಗೆ ಅದಕ್ಕಿಂತ ನಯವಾದ 1000 ನಂಬರ್ ನೀರು ಪೇಪರ್‌ನಿಂದ (ಒದ್ದೆ ಮಾಡಿ ಉಜ್ಜುವ ಉಪ್ಪು ಕಾಗದ) ಉಜ್ಜಿದ್ದಾಯ್ತು.

ಇನ್ನು ಸ್ಪ್ರೇ. ನಮ್ಮ ಬೆಳಗಾವಿ ಮಳೆಯಲ್ಲಿ ಲ್ಯಾಕರ್ (ಬೇಗ ಒಣಗುವ ಹೊಳಪಿನ ಪೇಂಟ್) ಹೊಡೆದರೆ ಮಂಜು ಕೂತ ಹಾಗೆ ಬಿಳಿಚಿಕೊಳ್ಳುತ್ತದೆ. ಹಾಗಾಗಿ ಪ್ರೈಮರ್ ಹಚ್ಚಿದ ಬಾಡಿ ಸದ್ಯಕ್ಕೆ ಶೂ ಡಬ್ಬಿಯಲ್ಲಿದೆ. ದಸರಾ ಕಳೆಯಲಿ ಅಂತ ಕಾಯ್ತಿದ್ದೇನೆ. ಅಣ್ಣನಿಗೆ ಮತ್ತೆ ಕೆಂಪೇ ಬೇಕಂತೆ, ನನಗೆ ಕಡು ಹಸಿರು.