ಗೆರೆ ಎಳೆದರೆ ಸಾಲದು, ಹಳಿ ಕೂಡಬೇಕು

ದೇಶ ದೇಶಗಳ ನಡುವೆ ಸರಕು ಸಾಗಿಸುವ ಹೊಸ ಕಾರಿಡಾರ್ ಅಂತ ಸುದ್ದಿ ಬಂದಾಗ ನಕಾಶೆಯ ಉದ್ದ ಗೆರೆಯನ್ನಲ್ಲ, ಒಬ್ಬರ ಹಳಿ ಮುಗಿದು ಇನ್ನೊಬ್ಬರದು ಶುರುವಾಗುವ ಜಾಗವನ್ನು ನೋಡಬೇಕು. ಮಂಗಳೂರಿಗೆ ಇದು ಗೊತ್ತಿರುವ ವಿಷಯ. ಕೇರಳದ ಕಡೆಯಿಂದ ಬರುತ್ತಿದ್ದದ್ದು ಬ್ರಾಡ್ ಗೇಜ್, ಹಾಸನಕ್ಕೆ 1979ರಲ್ಲಿ ಹಾಕಿದ್ದು ಮೀಟರ್ ಗೇಜ್. ಇದರ ವ್ಯಾಗನ್ ಅದರ ಮೇಲೆ ಓಡದು, ಸರಕು ಇಳಿಸಿ ಮತ್ತೆ ಹೇರಬೇಕು. ಆ ಘಟ್ಟದ ಹಳಿಯನ್ನೂ ಬ್ರಾಡ್ ಗೇಜ್ ಮಾಡಿ ಗೂಡ್ಸ್ ಓಡಿದ್ದು 2006ರಲ್ಲಿ.

ಭಾರತ, ಇರಾನ್, ರಷ್ಯಾ 2000ದಲ್ಲಿ ಸಹಿ ಹಾಕಿದ ಉತ್ತರ-ದಕ್ಷಿಣ ಕಾರಿಡಾರ್‌ನ ತೊಡಕೂ ಇದೇ. ಹಡಗಿನಲ್ಲಿ ಇರಾನಿನ ಬಂದರು ಬಂದರ್ ಅಬ್ಬಾಸ್, ಅಲ್ಲಿಂದ ರೈಲು. ಎರಡು ಹಳಿಗಳ ನಡುವಿನ ಅಗಲ ಇರಾನಿನಲ್ಲಿ 1435 ಮಿ.ಮೀ., ಅಜರ್‌ಬೈಜಾನ್ ಮತ್ತು ರಷ್ಯಾದ್ದು 1520. ವ್ಯತ್ಯಾಸ 85 ಮಿ.ಮೀ., ನಾಲ್ಕು ಬೆರಳಿಗಿಂತ ತುಸು ಹೆಚ್ಚು. ಇಷ್ಟು ಕಡಿಮೆ ಇರುವುದೇ ಕಷ್ಟ. ಮೀಟರ್ ಗೇಜ್‌ಗೂ ಬ್ರಾಡ್ ಗೇಜ್‌ಗೂ 676 ಮಿ.ಮೀ. ಅಂತರ ಉಂಟು, ನಡುವೆ ಮೂರನೇ ಹಳಿ ಹಾಕಬಹುದು. ಇಲ್ಲಿ ಹಳಿಯ ಪಾದವೇ ಸುಮಾರು 150 ಮಿ.ಮೀ. ಅಗಲ, ಒಂದರ ಪಕ್ಕ ಇನ್ನೊಂದು ಕೂರುವುದಿಲ್ಲ. ನಾಲ್ಕು ಹಳಿ ಹಾಕಬೇಕು, ಇಲ್ಲವೇ ವ್ಯಾಗನ್ನನ್ನು ಜಾಕಿಯಲ್ಲಿ ಎತ್ತಿ ಅಡಿಯ ಚಕ್ರದ ಟ್ರಾಲಿ ಬದಲಿಸಬೇಕು, ಅದೂ ಆಗದಿದ್ದರೆ ಕ್ರೇನಿನಿಂದ ಕಂಟೇನರ್ ಎತ್ತಿ ಆಚೆ ಇಡಬೇಕು.

ಅದಕ್ಕೂ ಮೊದಲು ಹಳಿಯೇ ಇಲ್ಲದ ತುಂಡೊಂದಿದೆ. ಇರಾನಿನ ರೈಲು 2019ರಲ್ಲಿ ಉತ್ತರದ ರಶ್ತ್ ಊರಿನ ತನಕ ಬಂತು. ಮುಂದೆ ಅಜರ್‌ಬೈಜಾನ್ ಗಡಿಯ ಆಸ್ತಾರಾವರೆಗಿನ 162 ಕಿ.ಮೀ.ಗೆ ರಷ್ಯಾ-ಇರಾನ್ ಒಪ್ಪಂದವಾದದ್ದು 2023ರಲ್ಲಿ. ಅದು ಮುಗಿಯುವ ತನಕ ರೈಲಿನಿಂದ ಲಾರಿಗೆ, ಲಾರಿಯಿಂದ ಮತ್ತೆ ರೈಲಿಗೆ.

ಮಂಗಳೂರಿನ ಪಣಂಬೂರು ಬಂದರಿನಿಂದ ಕಾಫಿ ಕಳಿಸುವವರಿಗೆ ಈ ಕಾಯುವಿಕೆ ಬರೇ ಬಾಡಿಗೆಯ ಲೆಕ್ಕವಲ್ಲ. ಒಣಗಿದ ಬೀಜದಲ್ಲೂ ಶೇ 11ರ ಆಸುಪಾಸು ತೇವ ಇರುತ್ತದೆ. ಬಿಸಿಲಲ್ಲಿ ನಿಂತ ಪೆಟ್ಟಿಗೆ ಚಳಿಯ ಊರಿಗೆ ಹೋದಾಗ ಒಳಗಿನ ಆವಿ ತಗಡಿನ ಮಾಡಿಗೆ ಹತ್ತಿ ಹನಿಯಾಗುತ್ತದೆ, ಮೇಲಿನ ಸಾಲಿನ ಗೋಣಿಗೆ ತೊಟ್ಟಿಕ್ಕುತ್ತದೆ, ಬೂಷ್ಟು ಬರುತ್ತದೆ. ತೇವ ಹೀರುವ ಚೀಲ ತೂಗುಹಾಕಬೇಕು, ಮೇಲುಸಾಲಿಗೆ ಕಾಗದ ಹೊದಿಸಬೇಕು. ಹಾಗೆ ಮಾಡಿದರೂ ವಾರಗಟ್ಟಲೆ ನಿಂತರೆ ಕಾಪಾಡುವುದು ಕಷ್ಟ.

ಹಳಿಗೆ ವರ್ಷಗಳು ಬೇಕು, ಕಾಗದಕ್ಕೆ ಬೇಡ. ಸೀಲ್ ಹಾಕಿದ ಸರಕನ್ನು ಗಡಿ ದಾಟಿಸುವ ಅಂತರರಾಷ್ಟ್ರೀಯ ಕಸ್ಟಮ್ಸ್ ವ್ಯವಸ್ಥೆಯಾದ ಟಿಐಆರ್ ಒಡಂಬಡಿಕೆಯನ್ನು ಭಾರತ 2017ರಲ್ಲಿ ಸೇರಿದೆ. ಇರಾನ್, ಅಜರ್‌ಬೈಜಾನ್, ರಷ್ಯಾ ಸಹ ಅದರಲ್ಲಿವೆ. ದಾರಿಯ ಒಂದು ಭಾಗವಾದರೂ ರಸ್ತೆಯಲ್ಲಿದ್ದರೆ ಸಾಕು, ರಶ್ತ್‌ನ ಲಾರಿ ಓಟ ಅದಕ್ಕೆ ಹೊಂದುತ್ತದೆ. ಹೊರಡುವಲ್ಲಿ ಕಸ್ಟಮ್ಸ್ ಸೀಲ್ ಹಾಕಿದರೆ ನಡುವಿನ ಗಡಿಗಳಲ್ಲಿ ಸಾಮಾನ್ಯವಾಗಿ ಸೀಲನ್ನೂ ಕಾಗದವನ್ನೂ ನೋಡಿ ಬಿಡುತ್ತಾರೆ, ಬಾಗಿಲು ತೆಗೆಸುವುದಿಲ್ಲ. ನಮ್ಮ ರಫ್ತುದಾರರು, ಏಜೆಂಟರು ಇದನ್ನು ಈಗಲೇ ರೂಢಿ ಮಾಡಿಕೊಳ್ಳಬೇಕು ಅಂತ ನಾನು ಒತ್ತಿ ಹೇಳುತ್ತೇನೆ. ಸೀಲ್ ನಂಬರಿನ ಒಂದು ಅಂಕಿ ತಪ್ಪಿದರೂ, ತೂಕ ಕಾಗದಕ್ಕೆ ತಾಳೆಯಾಗದಿದ್ದರೂ ಬಾಗಿಲು ತೆಗೆಸುತ್ತಾರೆ. ಲಾರಿ ಯಾರ್ಡ್ ಬಿಡುವ ಮೊದಲು ಇಬ್ಬರು ನಿಂತು, ಒಬ್ಬರು ಸೀಲ್ ಓದಿ ಇನ್ನೊಬ್ಬರು ಕಾಗದದ ಜೊತೆ ತಾಳೆ ನೋಡಲಿ.